ಗೀಚಿದ್ದೂ ಚರಿತ್ರೆಯೇ: ಬ್ರಹ್ಮಗಿರಿ ಬಂಡೆಯಿಂದ ಅಬ್‌ಸ್ಟ್ರಾಕ್ಟ್ ಪ್ರಿಂಟ್‌ವರೆಗೆ

"ಇದ್ರಲ್ಲಿ ಏನೈತೆ? ಇಷ್ಟು ನಾನೂ ಗೀಚ್ತೀನಿ!" ಗ್ರಾಫಿಟಿಯಿಂದ ಬಂದ ಕಲಾವಿದರ ಅಬ್‌ಸ್ಟ್ರಾಕ್ಟ್ ಪ್ರಿಂಟ್ ನೋಡಿದಾಗ ನಿಮಗೂ ಹಿಂಗೇ ಅನ್ಸಿರಬಹುದು. ನ್ಯೂಯಾರ್ಕ್ ಆಮೇಲೆ. ಮೊದಲು ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿಗೆ ಬನ್ನಿ. 👇

1️⃣ ಮಡಕೆ
1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿಸಿದರು. ಅಲ್ಲಿ ಸಿಕ್ಕ ಬೃಹತ್ ಶಿಲಾಯುಗದ ಮಡಕೆಗಳ ಮೇಲೆ ಗೆರೆ, ಕೊಕ್ಕೆ, ಅಡ್ಡಗೀಟುಗಳ ಗುರುತುಗಳಿದ್ದವು. ಪುರಾತತ್ವದವರು ಇವನ್ನ ಕರೆಯೋದೇ 'ಗ್ರಾಫಿಟಿ' ಅಂತ. ಇಟಾಲಿಯನ್ ಪದ, ಅರ್ಥ, ಗೀಚಿದ್ದು. ಇವತ್ತಿಗೂ ಯಾರೂ ಅದನ್ನ ಓದಿಲ್ಲ. ಆದ್ರೂ ಇಲ್ಲೊಂದು ಕೈ ಓಡಾಡಿದೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ.

2️⃣ ಸಹಿ
ಅದೇ ಬ್ರಹ್ಮಗಿರಿ, ಪಕ್ಕದ ಸಿದ್ದಾಪುರ, ಜಟಿಂಗ ರಾಮೇಶ್ವರ: ಮೂರೂ ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಮಾತು ರಾಜನದು, ಲಿಪಿ ಬ್ರಾಹ್ಮಿ. ಕೊನೆಗೆ ಬರೆದವನು ತನ್ನ ಹೆಸರೂ ಹಾಕಿದ್ದಾನೆ: ಚಪಡ. 'ಲಿಪಿಕಾರ' ಅನ್ನೋ ಪದವನ್ನಂತೂ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ದೂರದ ಗಾಂಧಾರದ ಕಡೆಯ ಲಿಪಿ. ಈ ಊರಲ್ಲಿ ಅದನ್ನ ಎಷ್ಟು ಜನ ಓದ್ತಿದ್ರು ಹೇಳಿ! ಉಳಿದವರಿಗೆ ಅದು ಬರೀ ಆಕಾರ.

3️⃣ ಅಚ್ಚು
ಶಾಸನ ತಜ್ಞರು ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರದ ಗುಂಡಿಗೆ ಇಳಿಯೋ ಹಾಗೆ ಬ್ರಷ್‌ನಿಂದ ಬಡೀತಾರೆ. ಸ್ವಲ್ಪ ಆರಿದ ಮೇಲೆ ಮೇಲಿಂದ ಮಸಿ. ಕಪ್ಪು ಹಾಳೆಯಲ್ಲಿ ಅಕ್ಷರ ಬೆಳ್ಳಗೆ ಏಳುತ್ತೆ. ಜೊತೆಗೆ ಬಂಡೆಯ ಬಿರುಕು, ಚಕ್ಕೆ ಎದ್ದ ಜಾಗಗಳೂ. ಓದೋಕೆ ಬಾರದವರಿಗೆ ಇದೇ ಒಂದು ಅಬ್‌ಸ್ಟ್ರಾಕ್ಟ್ ಪ್ರಿಂಟ್!

4️⃣ ನ್ಯೂಯಾರ್ಕ್
ಅಲ್ಲಿನ ಹುಡುಗರು ಸಬ್‌ವೇ ರೈಲುಗಳ ಮೇಲೆ ತಮ್ಮ ಹೆಸರನ್ನೇ ದೊಡ್ಡದಾಗಿ ಬರೀತಿದ್ರು. 1980ರಲ್ಲಿ ಫ್ಯೂಚುರಾ 2000 ಅನ್ನೋ ಕಲಾವಿದ ಒಂದು ಇಡೀ ಬೋಗಿಯನ್ನ ಬಣ್ಣದ ಮೋಡದಂತೆ ತುಂಬಿಸಿದ. ಹೆಸರಿನ ಜಾಗಕ್ಕೆ ಬಣ್ಣ ಬಂತು. 1986ರಲ್ಲಿ ಕೀತ್ ಹ್ಯಾರಿಂಗ್ ಅಂಗಡಿಯನ್ನೇ ತೆರೆದ. ತನ್ನ ಚಿತ್ರ ದುಡ್ಡಿದ್ದವರಿಗಷ್ಟೇ ಅಲ್ಲ, ಎಲ್ಲರ ಕೈಗೂ ಸಿಗಲಿ ಅಂತ. ಬಿಕಾಂನವರೇ, ಲೆಕ್ಕ ಹಾಕಿ: ಗೋಡೆ ಒಂದೇ, ಅಚ್ಚು ನೂರು.

5️⃣ ಹಂಗಾದ್ರೆ ನೋಡೋದು ಹೆಂಗೆ?
"ಇದೇನು?" ಅಂತ ಕೇಳಬೇಡಿ. ಕೈ ಎಲ್ಲಿ ಓಡಿದೆ, ಎಲ್ಲಿ ತಡೆದಿದೆ, ಎಲ್ಲಿ ಒತ್ತಿದೆ ನೋಡಿ. ಮಡಕೆ ಗುರುತನ್ನ ನೋಡೋದೂ ಹಿಂಗೇ.

6️⃣ ಕೊನೇ ಮಾತು
"ಚಪಡ ಬರೆದ್ರೆ ಚರಿತ್ರೆ, ನಾವು ಕೋಟೆ ಗೋಡೆ ಮೇಲೆ ಹಾರ್ಟ್ ಕೆತ್ತಿದ್ರೆ ತಪ್ಪಾ?" ಹೌದು, ತಪ್ಪೇ. ಅವನು ಬರೆದದ್ದು ಖಾಲಿ ಬಂಡೆ ಮೇಲೆ. ನಾವು ಕೆತ್ತೋದು ಇನ್ನೊಬ್ಬರ ಕೆಲಸದ ಮೇಲೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಗೀಚೋ ಆಸೆ ಇದ್ರೆ ಕಾಗದ ಐತಲ್ಲ. ಒಂದು ಆಲೂಗಡ್ಡೆ ಕತ್ತರಿಸಿ, ಅದರ ಮೇಲೆ ಗೀಚಿ, ಮಸಿ ಹಚ್ಚಿ, ಒತ್ತಿ. ಅಚ್ಚು ನಿಮ್ಮದು, ಕೋಟೆ ಎಲ್ಲರದು.

ಮಾಡಿದವರು ಟ್ಯಾಗ್ ಮಾಡಿ. ಮುಂದಿನ ಭಾಗ: ಚಂದ್ರವಳ್ಳಿ.

#ಬಿದುರ್ಗ #ಹೊಳಲ್ಕೆರೆ #ಚಿತ್ರದುರ್ಗ #ಬ್ರಹ್ಮಗಿರಿ #ಗೀಚು