ಗಾಳಿ ಸೋಸುವ ಎಳೆಗೆ ವಯಸ್ಸಾದಾಗ

2020ರ ಬೇಸಿಗೆಯಲ್ಲಿ ಎನ್95 ಮಾಸ್ಕ್ ಸಿಕ್ಕವರು ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಜೋಪಾನ ಮಾಡಿದರು. ಕೆಲವರು ಸಂಜೆ ಸೋಪಿನ ನೀರಿನಲ್ಲಿ ನೆನೆಸಿಟ್ಟರು, ಕೆಲವರು ಸ್ಯಾನಿಟೈಸರ್ ಸಿಂಪಡಿಸಿ ಬಿಸಿಲಿಗೆ ಒಣಹಾಕಿದರು. ಒಣಗಿದ ಮಾಸ್ಕ್ ನೋಡಲು ಹೊಸದರಂತೆಯೇ ಇರುತ್ತಿತ್ತು. ಹರಿದಿಲ್ಲ, ತೂತಿಲ್ಲ, ಉಸಿರಾಟಕ್ಕೂ ಸಲೀಸು. ಆದರೆ ಅದರ ನಡುವಿನ ಪದರದಲ್ಲಿ ಕೂಡಿಟ್ಟಿದ್ದ ವಿದ್ಯುದಾವೇಶ ಮಾತ್ರ ಕೊಚ್ಚಿಹೋಗಿರುತ್ತಿತ್ತು. ಆ ಪದರದ ಬಹುಪಾಲು ಕೆಲಸ ನಡೆಯುವುದೇ ಅದರಿಂದ.

ಆ ಪದರದಲ್ಲಿರುವುದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ನವುರಾದ ಎಳೆಗಳು. ಎಳೆ ಎಳೆಗಳ ನಡುವಿನ ಸಂದು ಹೊಗೆಯ ಕಣಕ್ಕಿಂತ ಎಷ್ಟೋ ದೊಡ್ಡದು. ಹಾಗಾಗಿ ಕಣ ಅಲ್ಲಿ ಸಿಕ್ಕಿಹಾಕಿಕೊಳ್ಳುವುದಕ್ಕಿಂತ ಹೆಚ್ಚಾಗಿ, ಒಣ ತಲೆ ಬಾಚಿದ ಬಾಚಣಿಗೆಗೆ ಕಾಗದದ ಚೂರು ಅಂಟಿಕೊಳ್ಳುವಂತೆ ಎಳೆಗೆ ಹೋಗಿ ಅಂಟಿಕೊಳ್ಳುತ್ತದೆ. ಸಂದು ದೊಡ್ಡದಿರುವುದರಿಂದ ಉಸಿರಿಗೆ ತಡೆಯಿಲ್ಲ, ಸೆಳೆತ ಇರುವುದರಿಂದ ಕಣಕ್ಕೆ ಬಿಡುಗಡೆಯಿಲ್ಲ. ಇಂಥ ಎರಡು ಅನುಕೂಲ ಒಟ್ಟಿಗೆ ದಕ್ಕುವುದು ಅಪರೂಪ. ಆ ಸೆಳೆತ ಎಷ್ಟು ದಿನ ಇರುತ್ತದೆ ಎಂಬ ಪ್ರಶ್ನೆ ಮಾತ್ರ ಈ ಫಿಲ್ಟರಿನ ಇತಿಹಾಸದುದ್ದಕ್ಕೂ ಬೆನ್ನು ಬಿಟ್ಟಿಲ್ಲ.

ಆವೇಶವನ್ನು ಬಹುಕಾಲ ಹಿಡಿದಿಟ್ಟುಕೊಳ್ಳುವ ವಸ್ತುವಿಗೆ ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1885ರಲ್ಲೇ ‘ಎಲೆಕ್ಟ್ರೆಟ್’ ಎಂದು ಹೆಸರಿಟ್ಟಿದ್ದರು. ವಸ್ತು ಕೈಗೆ ಬಂದದ್ದು ಆಮೇಲೆ. 1919ರ ಸುಮಾರಿಗೆ ಜಪಾನಿನ ಮೊಟೊಟಾರೊ ಎಗುಚಿ ಕಾರ್ನೌಬಾ ಮೇಣವನ್ನೂ ರಾಳವನ್ನೂ ಕೂಡಿಸಿ ಕರಗಿಸಿ, ಪ್ರಬಲ ವಿದ್ಯುತ್ ಕ್ಷೇತ್ರದ ನಡುವೆಯೇ ಆ ಮಿಶ್ರಣ ಆರಿ ಗಟ್ಟಿಯಾಗುವಂತೆ ಮಾಡಿದರು. ಅದರ ಆವೇಶ ಮೊದಲು ಕುಗ್ಗಿತು, ಬಳಿಕ ಧನವಿದ್ದದ್ದು ಋಣವಾಗಿ, ಋಣವಿದ್ದದ್ದು ಧನವಾಗಿ ತಿರುಗಿತು, ಆಮೇಲೆ ವರ್ಷಗಟ್ಟಲೆ ನೆಲೆ ನಿಂತಿತು.

ಗಾಳಿ ಸೋಸುವುದಕ್ಕೆ ಈ ಗುಣವನ್ನು ದುಡಿಸಿಕೊಂಡವರು ಡೆನ್ಮಾರ್ಕಿನ ಹಾನ್ಸೆನ್. 1930ರ ಹೊತ್ತಿಗೆ ಅವರು ಉಣ್ಣೆಗೆ ರಾಳದ ನುಣುಪು ಪುಡಿ ಸೇರಿಸಿ ಹಿಂಜಿದರು. ಹಿಂಜುವಾಗಿನ ತಿಕ್ಕಾಟದಲ್ಲಿ ರಾಳದ ಕಣಗಳಿಗೆ ಋಣ ಆವೇಶ, ಉಣ್ಣೆಗೆ ಧನ ಆವೇಶ ಬಂತು. ರಾಳ ವಿದ್ಯುತ್ತನ್ನು ಹರಿಯಗೊಡದ ವಸ್ತುವಾದ್ದರಿಂದ ಆವೇಶ ಅಲ್ಲೇ ಉಳಿಯಿತು. ವಿಷಾನಿಲದ ಮಾಸ್ಕುಗಳಲ್ಲಿ ಈ ಉಣ್ಣೆ ಹೊಗೆ ತಡೆಯುವ ಪದರವಾಯಿತು. ಆದರೆ ತೇವದ ಜಾಗದಲ್ಲಿ ಬಹುಕಾಲ ಇಟ್ಟರೆ ಅದರ ಶಕ್ತಿ ಸೋರುತ್ತಿತ್ತು, ಎಣ್ಣೆಯ ಹನಿಗಳು ಬಿದ್ದರೆ ಇನ್ನೂ ಬೇಗ. ಮಾಸ್ಕ್ ಕೆಲಸಕ್ಕೆ ಬೇಕಾದ ದಿನವೇ ಕೈಕೊಡಬಹುದೆಂಬ ಭಯ ಆಗಲೇ ಶುರುವಾಗಿತ್ತು.

ಇಂದಿನ ಎಳೆಯ ಹುಟ್ಟಿಗೆ ಅಣುಬಾಂಬೇ ನಿಮಿತ್ತ. ಪರಮಾಣು ಪರೀಕ್ಷೆಗಳಿಂದ ವಾಯುಮಂಡಲಕ್ಕೆ ಸೇರಿದ ವಿಕಿರಣಶೀಲ ಕಣಗಳನ್ನು ಹಿಡಿಯಲು ಅಮೆರಿಕದ ನೌಕಾಪಡೆಯ ಸಂಶೋಧನಾಲಯಕ್ಕೆ ಅತಿ ಸಣ್ಣ ಎಳೆಗಳು ಬೇಕಿದ್ದವು. 1950ರ ದಶಕದ ನಡುವಿನಲ್ಲಿ ಅಲ್ಲಿನ ವಾನ್ ವೆಂಟೆ ಕರಗಿದ ಪ್ಲಾಸ್ಟಿಕ್ಕನ್ನು ಸಾಲು ಸಾಲು ಸಣ್ಣ ರಂಧ್ರಗಳಿಂದ ಹೊರದೂಡಿ, ಎರಡೂ ಬದಿಯಿಂದ ಬಿಸಿಗಾಳಿ ರಭಸವಾಗಿ ಊದಿ ಎಳೆ ತೆಗೆದರು. ಮೆಲ್ಟ್‌ಬ್ಲೋನ್ ಬಟ್ಟೆಯ ಮೂಲ ಅದೇ. 1970ರ ದಶಕದಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ವಾನ್ ಟರ್ನ್‌ಹೌಟ್ ಪಾಲಿಪ್ರೊಪಿಲೀನ್ ಹಾಳೆಗೆ ಆವೇಶ ತುಂಬಿ, ಹಾಳೆಯನ್ನೇ ಎಳೆಗಳಾಗಿ ಸೀಳಿದರು. ಅಮೆರಿಕದ ಟೆನೆಸೀ ವಿಶ್ವವಿದ್ಯಾಲಯದಲ್ಲಿದ್ದ ತೈವಾನ್ ಮೂಲದ ಪೀಟರ್ ಸಾಯ್ ಮೆಲ್ಟ್‌ಬ್ಲೋನ್ ಬಟ್ಟೆಗೆ ಆವೇಶ ತುಂಬುವ ವಿಧಾನಕ್ಕೆ 1995ರಲ್ಲಿ ಪೇಟೆಂಟ್ ಪಡೆದರು. ಬಟ್ಟೆ ಅದೇ, ದಪ್ಪ ಅದೇ, ಸೋಸುವ ಶಕ್ತಿ ಮಾತ್ರ ಸುಮಾರು ಹತ್ತು ಪಟ್ಟು.

ಹೊಸದರಲ್ಲಿ ಇಷ್ಟು ಬಲವಾದ ಎಳೆ ಸೊರಗುವ ಬಗೆಯೂ ವಿಚಿತ್ರವಾದದ್ದು. ಸುಮ್ಮನೆ ಕಪಾಟಿನಲ್ಲಿ ಒಣಗಿರುವಾಗ ಪಾಲಿಪ್ರೊಪಿಲೀನ್ ತನ್ನ ಆವೇಶವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಬಳಕೆಯಲ್ಲೇ ಅದಕ್ಕೆ ವಯಸ್ಸಾಗುವುದು. ಹಿಡಿದ ಕಣಗಳೇ ಎಳೆಯ ಮೈಮೇಲೆ ಕೂತು ಸೆಳೆತವನ್ನು ಮರೆಮಾಡುತ್ತವೆ. ಡೀಸೆಲ್ ಹೊಗೆಯಂಥ ಅತಿ ಸಣ್ಣ ಕಣಗಳು ತೂಕದಲ್ಲಿ ಏನೂ ಅಲ್ಲದಿದ್ದರೂ ಬೇಗ ಎಳೆಯನ್ನು ಆವರಿಸಿಬಿಡುತ್ತವೆ. ಒಣ ಧೂಳಾದರೆ ಕಥೆ ಮುಂದೆ ತಿರುಗುತ್ತದೆ. ಧೂಳು ಪದರಗಟ್ಟಿ ಸಂದುಗಳು ಕಿರಿದಾಗಿ, ಫಿಲ್ಟರ್ ಮತ್ತೆ ಚೆನ್ನಾಗಿ ಸೋಸತೊಡಗುತ್ತದೆ, ಗಾಳಿಗೆ ತಡೆ ಹೆಚ್ಚಾಗುತ್ತದೆ ಅಷ್ಟೆ. ಅಂದರೆ ಇಂಥ ಫಿಲ್ಟರ್ ಅತಿ ದುರ್ಬಲವಾಗಿರುವುದು ಹೊಸದರಲ್ಲಿ ಅಲ್ಲ, ಪೂರ್ತಿ ಕೊಳಕಾದಾಗಲೂ ಅಲ್ಲ, ನಡುವಯಸ್ಸಿನಲ್ಲಿ. ಆಗ ಅದು ಕಣ್ಣಿಗೆ ಇನ್ನೂ ಚೊಕ್ಕಟವಾಗಿಯೇ ಕಾಣುವುದರಿಂದ ಬದಲಿಸಬೇಕೆಂದು ಯಾರಿಗೂ ತೋಚುವುದಿಲ್ಲ. ಎಣ್ಣೆಯ ಹನಿಗಳಾದರೆ ಈ ಚೇತರಿಕೆಯೂ ಇಲ್ಲ. ಅವು ಪದರಗಟ್ಟದೆ ಎಳೆಯ ಮೈಗೆ ಹರಡಿಕೊಳ್ಳುತ್ತವೆ. ಅಮೆರಿಕದಲ್ಲಿ 1995ರಲ್ಲಿ ಬಂದ ನಿಯಮ ಮಾಸ್ಕುಗಳನ್ನು ಎನ್, ಆರ್, ಪಿ ಎಂದು ವಿಂಗಡಿಸಿದ್ದು ಈ ಕಾರಣಕ್ಕೇ: ಎಣ್ಣೆಯ ಎದುರು ನಿಲ್ಲದ್ದು ಎನ್. ಕರಿಯುವ ಬಾಣಲೆಯಿಂದ ಏಳುವ ಜಿಡ್ಡಿನ ಹೊಗೆಯೂ ಇದೇ ಜಾತಿಯದು. ಅಡುಗೆಮನೆಯ ಪಕ್ಕದಲ್ಲೇ ಏರ್ ಪ್ಯೂರಿಫೈಯರ್ ಇಡುವವರು ನೆನಪಿಡಬೇಕಾದ ಮಾತು.

ಕಟ್ಟಡಗಳ ಫಿಲ್ಟರುಗಳಲ್ಲಿ ಈ ಸತ್ಯ ಹೊರಬರಲು ಹೆಚ್ಚು ಕಾಲ ಹಿಡಿಯಿತು. ಪ್ರಯೋಗಾಲಯದಲ್ಲಿ ಬಳಸುತ್ತಿದ್ದ ಕೃತಕ ಧೂಳು ದಪ್ಪ. ಅದು ಬೇಗ ಪದರಗಟ್ಟಿ ಆವೇಶದ ಇಳಿತವನ್ನೇ ಮುಚ್ಚಿಹಾಕುತ್ತಿತ್ತು. ನಗರದ ಗಾಳಿಯಲ್ಲಿ ಹಾಗಾಗುವುದಿಲ್ಲ. ಯುರೋಪಿನ ಇಎನ್ 779 ಮಾನದಂಡ 2012ರಲ್ಲಿ ಒಂದು ಹೊಸ ಷರತ್ತು ತಂದಿತು: ಆವೇಶ ತೆಗೆದ ಬಟ್ಟೆಯೂ ಕನಿಷ್ಠ ಇಷ್ಟಾದರೂ ಸೋಸಬೇಕು. ಎಫ್7 ದರ್ಜೆಗೆ ಸರಾಸರಿ ದಕ್ಷತೆ ಶೇ. 80ರಿಂದ 90ರೊಳಗಿರಬೇಕಿತ್ತು, ಆವೇಶ ತೆಗೆದಾಗಿನ ಕನಿಷ್ಠ ಮಿತಿ ಶೇ. 35. ಅದೇ ವಸ್ತುವಿನ ಎರಡು ಮುಖಗಳ ನಡುವೆ ಇಷ್ಟು ಅಂತರವನ್ನು ನಿಯಮವೇ ಒಪ್ಪಿಕೊಂಡಿತ್ತು. ಅದರ ಜಾಗಕ್ಕೆ ಬಂದ 2016ರ ಐಎಸ್ಒ 16890 ಫಿಲ್ಟರನ್ನು ಐಸೊಪ್ರೊಪೈಲ್ ಆಲ್ಕೊಹಾಲಿನ ಆವಿಯಲ್ಲಿ ಒಂದು ದಿನ ಇಟ್ಟು, ಮುಂಚಿನ ಮತ್ತು ನಂತರದ ಅಂಕಿಗಳ ಸರಾಸರಿ ತೆಗೆಯುತ್ತದೆ. ನಿಜ ಬಳಕೆಯಲ್ಲಿ ಯಾವ ಫಿಲ್ಟರೂ ಇಷ್ಟು ಪೂರ್ತಿ ಬರಿದಾಗುವುದಿಲ್ಲ, ಇದು ಅತಿಯಾಯಿತು ಎಂಬ ಆಕ್ಷೇಪಣೆ ಇದೆ. ಆದರೂ ಮೊದಲ ದಿನದ ಅಂಕಿಯೊಂದನ್ನೇ ನಂಬಿ ಆಸ್ಪತ್ರೆ, ಶಾಲೆಗಳ ಗಾಳಿಗೆ ಭರವಸೆ ಕೊಡುವುದಕ್ಕಿಂತ ಈ ಕಠಿಣತೆಯೇ ಲೇಸು.

ಸ್ಯಾನಿಟೈಸರಿನಲ್ಲಿ ಇರುವುದೂ ಆಲ್ಕೊಹಾಲೇ. ಪರೀಕ್ಷಕರು ಫಿಲ್ಟರಿನ ಆವೇಶ ಕಳೆಯಲೆಂದೇ ಬಳಸುವ ಬಗೆಯ ದ್ರವವನ್ನು 2020ರಲ್ಲಿ ಜನ ಮಾಸ್ಕ್ ಉಳಿಸಿಕೊಳ್ಳಲು ಸಿಂಪಡಿಸುತ್ತಿದ್ದರು. ನಿವೃತ್ತರಾಗಿದ್ದ ಪೀಟರ್ ಸಾಯ್ ಮತ್ತೆ ಪ್ರಯೋಗಕ್ಕೆ ಇಳಿದು, ಸುಮಾರು 70 ಡಿಗ್ರಿಯ ಒಣ ಶಾಖವನ್ನು ಈ ಎಳೆ ತಡೆದುಕೊಳ್ಳುತ್ತದೆ ಎಂದು ತಿಳಿಸಿದರು. ಸ್ಟ್ಯಾನ್‌ಫೋರ್ಡ್‌ನ ವಿಜ್ಞಾನಿಗಳು ನಡೆಸಿದ ಪರೀಕ್ಷೆಗಳಲ್ಲೂ ಆಲ್ಕೊಹಾಲು ಮತ್ತು ಕ್ಲೋರಿನ್ ದ್ರಾವಣ ಸೋತವು, ಹದವಾದ ಶಾಖ ಗೆದ್ದಿತು.

ಮನೆಯ ಏರ್ ಪ್ಯೂರಿಫೈಯರುಗಳ ಮಟ್ಟಿಗೆ ಈ ಇಳಿತವನ್ನು ಅಂಕಿಯಲ್ಲಿ ಹಿಡಿದಿಟ್ಟದ್ದು ಚೀನಾದ 2015ರ ಮಾನದಂಡ. ಅದರಂತೆ ಮುಚ್ಚಿದ ಕೋಣೆಯಲ್ಲಿ ಸಿಗರೇಟು ಸುಟ್ಟು ಯಂತ್ರಕ್ಕೆ ಹೊಗೆ ಕುಡಿಸುತ್ತಿದ್ದರು. ಶುದ್ಧಗಾಳಿ ಕೊಡುವ ಅದರ ಶಕ್ತಿ ಅರ್ಧಕ್ಕಿಳಿಯುವಷ್ಟರಲ್ಲಿ ಎಷ್ಟು ಮಿಲಿಗ್ರಾಂ ಕಣ ಹಿಡಿದಿತ್ತು ಎಂದು ಲೆಕ್ಕ ಹಾಕುತ್ತಿದ್ದರು. 3,000 ಮಿಲಿಗ್ರಾಂ ದಾಟಿದರೆ ಪಿ1 ದರ್ಜೆ, 12,000 ಮುಟ್ಟಿದರೆ ಪಿ4 ಸಿಗುತ್ತಿತ್ತು.