ಅಧಿಕ ಉಷ್ಣದ ಮಿಶ್ರಲೋಹಗಳಲ್ಲಿ ದಣಿವು ಬಿರುಕಿನ ಉಗಮ: ಅಧ್ಯಯನದ ಇತಿಹಾಸ

ಒಂದೇ ಸಲ ಬಿದ್ದರೆ ಸಲೀಸಾಗಿ ತಾಳಬಲ್ಲ ಹೊರೆ ಪದೇ ಪದೇ ಬಿದ್ದಾಗ ಲೋಹ ಬಿರಿಯುತ್ತದೆ. ಇದೇ ಲೋಹದ ದಣಿವು. ಜೆಟ್ ಎಂಜಿನ್ನಿನ ಟರ್ಬೈನ್ ಡಿಸ್ಕ್ ಮತ್ತು ಬ್ಲೇಡುಗಳಲ್ಲಿ ಇದಕ್ಕೆ ತೀವ್ರ ಶಾಖವೂ ಸೇರುತ್ತದೆ. ಅಲ್ಲಿ ಬಿರುಕು ಎಲ್ಲಿ, ಯಾವ ಕಾರಣಕ್ಕೆ ಹುಟ್ಟುತ್ತದೆ ಎಂಬುದರಲ್ಲಿ ಆಕರಗಳು ಒಂದೇ ಮಾತು ಹೇಳುವುದಿಲ್ಲ.

ಆರಂಭ
1870ರ ಹೊತ್ತಿಗೆ ಜರ್ಮನಿಯ ಆಗಸ್ಟ್ ವೋಲರ್ ರೈಲ್ವೆ ಅಚ್ಚುಗಳನ್ನು ಪರೀಕ್ಷಿಸಿ ದಣಿವನ್ನು ಅಳೆಯುವ ಕ್ರಮ ರೂಪಿಸಿದ್ದರು. ಹರಳುಕಣಗಳೊಳಗಿನ ಜಾರುಪಟ್ಟಿಗಳೇ, ಅಂದರೆ ಹರಳಿನ ಪದರಗಳು ಒಂದರ ಮೇಲೊಂದು ಜಾರಿದ ಗುರುತುಗಳೇ, ಬಿರುಕಾಗುವುದನ್ನು 1903ರಲ್ಲಿ ಯೂಯಿಂಗ್ ಮತ್ತು ಹಂಫ್ರಿ ಸೂಕ್ಷ್ಮದರ್ಶಕದಲ್ಲಿ ಕಂಡರು. 1956ರಲ್ಲಿ ಥಾಂಪ್ಸನ್ ಮತ್ತು ಸಂಗಡಿಗರು ದಣಿದ ತಾಮ್ರದ ಮೇಲ್ಪದರ ತೆಗೆದು ನಯಗೊಳಿಸಿ ಮತ್ತೆ ಹೊರೆ ಹಾಕಿದರು. ಪಟ್ಟಿಗಳು ಹಿಂದಿನ ಜಾಗದಲ್ಲೇ ಮರಳಿ ಮೂಡಿದವು.

ಕ್ರೀಪೋ, ಗಾಳಿಯೋ
ಬಿಸಿಯಲ್ಲಿ ಹೊರೆಯ ಆವರ್ತ ನಿಧಾನವಾದಷ್ಟೂ ಲೋಹ ತಾಳುವ ಆವರ್ತಗಳ ಸಂಖ್ಯೆ ಕುಗ್ಗುತ್ತದೆ. ಇದಕ್ಕೆ ಕಾರಣ ಕ್ರೀಪ್, ಅಂದರೆ ಶಾಖದಲ್ಲಿ ಲೋಹ ಮೆಲ್ಲಗೆ ವಿರೂಪಗೊಳ್ಳುವುದು, ಎಂಬುದು ಒಂದು ವಿವರಣೆ. ಅಮೆರಿಕದ ಮ್ಯಾನ್ಸನ್ ಮತ್ತು ಸಂಗಡಿಗರು 1970ರ ದಶಕದ ಆರಂಭದಲ್ಲಿ ಕ್ರೀಪ್ ಪಾಲನ್ನು ಪ್ರತ್ಯೇಕಿಸಿ ಆಯುಷ್ಯ ಲೆಕ್ಕಹಾಕುವ ವಿಧಾನ ಮುಂದಿಟ್ಟರು. ಅದೇ ಕಾಲದಲ್ಲಿ ಕಾಫಿನ್ ಎ-286 ಮಿಶ್ರಲೋಹವನ್ನು 593 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಿರ್ವಾತದೊಳಗೆ ಪರೀಕ್ಷಿಸಿದರು. ಆಯುಷ್ಯ ಹೆಚ್ಚಿತು; ನಿಧಾನಗತಿಯ ದುಷ್ಪರಿಣಾಮ ಬಹುಪಾಲು ಇಲ್ಲವಾಯಿತು. ಹಾಗಾದರೆ ಹಾನಿಯ ದೊಡ್ಡ ಪಾಲು ಗಾಳಿಯ ಆಮ್ಲಜನಕದ್ದೇ ಆಗಿತ್ತು. ಎರಡೂ ವಿವರಣೆಗಳಿಗೆ ಅವುಗಳದೇ ನೆಲೆಯಿದೆ: ಎಳೆತದಲ್ಲಿ ದೀರ್ಘಕಾಲ ಹಿಡಿದಿಟ್ಟ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕಣಗಳ ಅಂಚಿನಲ್ಲಿ ಮೂಡುವ ಸೂಕ್ಷ್ಮ ಪೊಳ್ಳುಗಳು ಮುಖ್ಯವಾದರೆ, ಅಧಿಕ ಶಾಖ ತಾಳುವ ಅನೇಕ ನಿಕಲ್ ಮಿಶ್ರಲೋಹಗಳಲ್ಲಿ (ಸೂಪರ್‌ಅಲಾಯ್) ಅಂಚುಗಳ ಉತ್ಕರ್ಷಣವೇ ಮುಖ್ಯ.

ದೋಷಗಳಿಂದ ಹರಳಿನ ರಚನೆಗೆ
ಕಣಗಳ ಅಂಚೇ ಇಲ್ಲದ ಏಕಹರಳು ಬ್ಲೇಡುಗಳು ಬಂದಮೇಲೆ ಎರಕದ ಸೂಕ್ಷ್ಮರಂಧ್ರಗಳತ್ತ, ಪುಡಿಲೋಹದ ಡಿಸ್ಕ್‌ಗಳು ಬಂದಮೇಲೆ ಅವುಗಳಲ್ಲಿ ಸೇರಿಕೊಂಡ ಸೆರಾಮಿಕ್ ಕಣಗಳತ್ತ ಗಮನ ಹರಿಯಿತು. ಪುಡಿಯನ್ನು ಶುದ್ಧಗೊಳಿಸಿದರೂ ಬಿರುಕು ನಿಲ್ಲಲಿಲ್ಲ. 2009ರಲ್ಲಿ ಪೊಲಾಕ್ ಮತ್ತು ಜೋನ್ಸ್ ಅವರ ತಂಡ, ಪುಡಿಲೋಹವೇ ಆದ ರೆನೆ 88ಡಿಟಿ ಮಿಶ್ರಲೋಹದಲ್ಲಿ ಬಿರುಕುಗಳು ಮೇಲ್ಮೈಯಿಂದ ಒಳಗೆ, ದೊಡ್ಡ ಹರಳುಕಣಗಳ ಅವಳಿಗಡಿಗಳ (ಪರಸ್ಪರ ಪ್ರತಿಬಿಂಬದಂತಿರುವ ಹರಳುಭಾಗಗಳ ನಡುವಿನ ಗಡಿಗಳ) ಬಳಿ ಹುಟ್ಟುವುದನ್ನು ದಾಖಲಿಸಿತು. ಮೊದಲ ಆವರ್ತದಲ್ಲೇ ಕಾಣುವ ಜಾರಿಕೆಯ ತೀವ್ರತೆಗೂ ಲೋಹದ ದಣಿವು ತಾಳಿಕೆಗೂ ನೇರ ನಂಟಿದೆಯೆಂದು 2022ರಲ್ಲಿ ‘ಸೈನ್ಸ್’ ಪತ್ರಿಕೆಯ ಅಧ್ಯಯನವೊಂದು ತೋರಿಸಿತು.

ಉಗಮದ ಅಳತೆ
ಆಯುಷ್ಯದಲ್ಲಿ ಉಗಮದ ಪಾಲು ಅತ್ಯಲ್ಪ ಎಂದು ಕೆಲವು ಆಕರಗಳು, ಬಹುಪಾಲು ಎಂದು ಇನ್ನು ಕೆಲವು ಹೇಳಲು ಅಳತೆಯ ವ್ಯತ್ಯಾಸವೂ ಕಾರಣ. ಲೋಹಶಾಸ್ತ್ರಜ್ಞರು ಮೈಕ್ರೋಮೀಟರ್ ಗಾತ್ರದ ಬಿರುಕಿನಿಂದ ಎಣಿಸುತ್ತಾರೆ. ಎಂಜಿನ್ ವಿನ್ಯಾಸಕರು ಸಾಮಾನ್ಯವಾಗಿ ಮೇಲ್ಮೈಯಲ್ಲಿ ಸುಮಾರು 0.75 ಮಿ.ಮೀ. ಉದ್ದದ ಬಿರುಕಿನಿಂದ. ಎರಡು ಆಕರಗಳ ಆಯುಷ್ಯದ ಅಂಕಿಗಳನ್ನು ಹೋಲಿಸುವಾಗ ಬಿರುಕಿನ ಗಾತ್ರ, ತಾಪ, ಸುತ್ತಲಿನ ಅನಿಲ ಮೂರನ್ನೂ ನೋಡಬೇಕಾಗುತ್ತದೆ.