ನಾಮಾಕ್ಷರವೂ ನಾಮಪರಂಪರೆಯೂ: ಚಿತ್ರದುರ್ಗದ ಸೀಮೆಯ ಕೆಲವು ಹೆಸರುಗಳ ವಿಚಾರ

ಶಿಶುವಿನ ಹೆಸರು ಜನ್ಮನಕ್ಷತ್ರದ ಪಾದಾಕ್ಷರದಿಂದಲೇ ಆರಂಭವಾಗತಕ್ಕದ್ದೆಂಬ ಭಾವನೆಯು ಈಚೆಗೆ ನಮ್ಮ ಜನರಲ್ಲಿ ಬಲವಾಗಿ ಬೇರೂರಿದೆ. ಪಂಚಾಂಗದಲ್ಲಿ ಬಂದ ಅಕ್ಷರಕ್ಕೆ ತಕ್ಕ ಹೆಸರು ದೊರೆಯದಿದ್ದರೆ ಅರ್ಥವಿಲ್ಲದ ಶಬ್ದವನ್ನಾದರೂ ಕಟ್ಟಿ ಇಡುವುದುಂಟು. ಅಕ್ಷರ ಕೂಡಿಬರಲಿಲ್ಲವೆಂದು ಅಜ್ಜನ ಹೆಸರನ್ನೂ ಮನೆದೇವರ ಹೆಸರನ್ನೂ ಬಿಡುವುದುಂಟು. ಇದೇ ಭಾವನೆಯನ್ನು ಹಿಂದಿನ ಕಾಲಕ್ಕೆ ಅನ್ವಯಿಸಿ, ಪೂರ್ವಪುರುಷರ ಹೆಸರಿನ ಮೊದಲಕ್ಷರದಿಂದ ಅವರ ಜನ್ಮನಕ್ಷತ್ರವನ್ನು ಊಹಿಸಹೊರಟರೆ ಇತಿಹಾಸಕ್ಕೂ ತೊಡಕುಂಟಾಗುವುದು. ಈ ಭಾವನೆಗೆ ಶಾಸ್ತ್ರದಲ್ಲಿ ಎಷ್ಟು ಆಧಾರವಿದೆಯೆಂಬುದನ್ನು ಚಿತ್ರದುರ್ಗದ ಸೀಮೆಯ ಹೆಸರುಗಳನ್ನು ಮುಂದಿಟ್ಟುಕೊಂಡು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಗೃಹ್ಯಸೂತ್ರಗಳನ್ನು ನೋಡೋಣ. ಆಶ್ವಲಾಯನರು ಹೆಸರಿನ ಆದಿಯಲ್ಲಿ ಘೋಷಾಕ್ಷರವೂ ಮಧ್ಯದಲ್ಲಿ ಅಂತಸ್ಥಾಕ್ಷರವೂ ಇರಬೇಕೆಂದೂ, ಗಂಡುಮಗುವಿನ ಹೆಸರು ಎರಡು ಅಥವಾ ನಾಲ್ಕು ಅಕ್ಷರಗಳದಾಗಿರಬೇಕೆಂದೂ, ಹೆಣ್ಣುಮಗುವಿನ ಹೆಸರಿನಲ್ಲಿ ಅಕ್ಷರಗಳು ಬೆಸವಾಗಿರಬೇಕೆಂದೂ ವಿಧಿಸಿದ್ದಾರೆ. ಪಾರಸ್ಕರರು ಹತ್ತನೆಯ ದಿನವನ್ನು ಹೇಳಿ, ಗಂಡುಮಗುವಿನ ಹೆಸರು ಕೃದಂತವಾಗಿರಬೇಕು, ತದ್ಧಿತಾಂತವಾಗಿರಕೂಡದೆನ್ನುತ್ತಾರೆ. ಪತಂಜಲಿಗಳು ಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿ ಯಾಜ್ಞಿಕರ ಮತವನ್ನು ಉದಾಹರಿಸುತ್ತ ಇದೇ ಲಕ್ಷಣಗಳನ್ನು ಹೇಳಿ, ಹೆಸರು ಹಿಂದಿನ ಮೂರು ತಲೆಗಳ ಪುರುಷರನ್ನು ಅನುಸರಿಸಿರಬೇಕೆಂಬ ಇನ್ನೊಂದು ಮಾತನ್ನು ಸೇರಿಸಿದ್ದಾರೆ. ಇವುಗಳಲ್ಲೆಲ್ಲಿಯೂ ಪಾದಾಕ್ಷರದ ಪ್ರಸ್ತಾಪವಿಲ್ಲ.

ಹಾಗೆಂದು ನಕ್ಷತ್ರಕ್ಕೆ ಸ್ಥಾನವೇ ಇಲ್ಲವೆಂದು ತಿಳಿಯಬಾರದು. ಆಪಸ್ತಂಬರು ಮಗುವಿಗೆ ನಕ್ಷತ್ರನಾಮವನ್ನು ಹೇಳಿ, ಅದು ರಹಸ್ಯವಾಗಿರತಕ್ಕದ್ದೆಂದು ಸ್ಪಷ್ಟಪಡಿಸಿದ್ದಾರೆ. ಆಶ್ವಲಾಯನರೂ ಗುರುಹಿರಿಯರಿಗೆ ನಮಸ್ಕರಿಸುವಾಗ ಹೇಳಿಕೊಳ್ಳುವ ಹೆಸರೊಂದನ್ನು ಬೇರೆಯಾಗಿ ಗೊತ್ತುಮಾಡಿ, ಉಪನಯನದವರೆಗೆ ಅದನ್ನು ತಾಯಿತಂದೆಗಳು ಮಾತ್ರ ತಿಳಿದಿರಬೇಕೆನ್ನುತ್ತಾರೆ. ವೇದಾಂಗಜ್ಯೋತಿಷವು ನಕ್ಷತ್ರದೇವತೆಗಳನ್ನು ಎಣಿಸಿ, ಯಜ್ಞಕರ್ಮದಲ್ಲಿ ಯಜಮಾನನಿಗೆ ನಕ್ಷತ್ರದಿಂದ ಹುಟ್ಟಿದ ಹೆಸರನ್ನು ವಿಧಿಸುತ್ತದೆ. ಈ ಪ್ರಾಚೀನ ನಕ್ಷತ್ರನಾಮವು ನಕ್ಷತ್ರದ ಅಥವಾ ಅದರ ದೇವತೆಯ ಹೆಸರಿನಿಂದಲೇ ಉಂಟಾಗತಕ್ಕದ್ದು. ತಿಷ್ಯದಲ್ಲಿ ಹುಟ್ಟಿದವನು ತಿಷ್ಯ, ಪುನರ್ವಸುವಿನಲ್ಲಿ ಹುಟ್ಟಿದವನು ಪುನರ್ವಸು ಎಂಬ ರೂಪಗಳನ್ನು ಪಾಣಿನಿಯು ಸಾಧಿಸಿ ತೋರಿಸಿದ್ದಾನೆ.

ಪಾದಾಕ್ಷರದ ಪದ್ಧತಿಯ ಮೂಲವಾದರೋ ಬೇರೆ. ಅದು ಜ್ಯೋತಿಷಿಗಳ ಅವಕಹಡಾಚಕ್ರ. ಅದರ ರಚನೆಯನ್ನು ಪರೀಕ್ಷಿಸುವುದು ಸ್ವಾರಸ್ಯಕರ. ಅ, ವ, ಕ, ಹ, ಡ. ಮ, ಟ, ಪ, ರ, ತ. ನ, ಯ, ಭ, ಜ, ಖ. ಗ, ಸ, ದ, ಚ, ಲ ಎಂಬ 20 ಅಕ್ಷರಗಳನ್ನು ಐದೈದು ಸ್ವರಗಳೊಡನೆ ಕೂಡಿಸಿದರೆ 100 ಆಗುವುದು. ಆರ್ದ್ರೆಯಲ್ಲಿ ಘ, ಙ, ಛ, ಹಸ್ತದಲ್ಲಿ ಷ, ಣ, ಠ, ಪೂರ್ವಾಷಾಢದಲ್ಲಿ ಧ, ಫ, ಢ, ಉತ್ತರಾಭಾದ್ರೆಯಲ್ಲಿ ಥ, ಝ, ಞ ಎಂಬ 12 ಅಕ್ಷರಗಳನ್ನು ಸೇರಿಸಿದರೆ 112. ನಕ್ಷತ್ರಗಳು 27 ಆದರೆ ಪಾದಗಳು 108 ಮಾತ್ರ. 112 ಆಗಬೇಕಾದರೆ ಅಭಿಜಿತ್ತನ್ನು ಸೇರಿಸಿ 28 ನಕ್ಷತ್ರಗಳನ್ನು ಹಿಡಿಯಬೇಕು. ಎಣಿಕೆಯು ಕೃತ್ತಿಕೆಯ ಅಕಾರದಿಂದ ಹೊರಟು, ಏಳೇಳು ನಕ್ಷತ್ರಗಳ ನಾಲ್ಕು ಗುಂಪುಗಳಾಗಿ ಸಾಗುವುದು. ಇಷ್ಟು ಸಮವಾದ ಈ ಹಂಚಿಕೆಯಲ್ಲಿ ಉಚ್ಚಾರಣೆಯ ಸೌಕರ್ಯವನ್ನಾಗಲಿ ಅರ್ಥವನ್ನಾಗಲಿ ಗಣಿಸಿಲ್ಲ. ಙಕಾರ ಣಕಾರಗಳಿಂದ ಆರಂಭವಾಗುವ ಹೆಸರನ್ನು ಎಲ್ಲಿಂದ ತರಬೇಕು? ಮೇಲಾಗಿ ಅಶ್ವಿನಿಯ ಮೊದಲ ಮೂರು ಪಾದಗಳಾದ ಚು, ಚೆ, ಚೊ ಎಂಬವು ಅಘೋಷಗಳು. ಘೋಷಾಕ್ಷರವು ಆದಿಯಲ್ಲಿರಬೇಕೆಂಬ ಸೂತ್ರಕ್ಕೂ ಈ ಚಕ್ರಕ್ಕೂ ಹೊಂದಿಕೆಯಿಲ್ಲವೆಂಬುದು ಇದರಿಂದಲೇ ಸಿದ್ಧವಾಗುತ್ತದೆ. ಇವೆರಡು ಬೇರೆಬೇರೆ ಹೊಳೆಗಳು. ಒಂದರ ನೀರನ್ನು ಇನ್ನೊಂದರ ಹೆಸರಿನಲ್ಲಿ ಹಂಚಬಾರದು.

ಇನ್ನು ಚಿತ್ರದುರ್ಗಕ್ಕೆ ಬರೋಣ. ಬೆಟ್ಟದ ಮಗ್ಗುಲಲ್ಲಿರುವ ಚಂದ್ರವಳ್ಳಿಯ ಕೆರೆಯ ಬಳಿಯ ಬಂಡೆಯ ಮೇಲಿನ ಪ್ರಾಕೃತಶಾಸನವನ್ನು ಡಾ॥ ಎಂ. ಎಚ್. ಕೃಷ್ಣ ಅವರು ಮೈಸೂರು ಪುರಾತತ್ತ್ವ ಇಲಾಖೆಯ 1929ರ ವರದಿಯಲ್ಲಿ ಪ್ರಕಟಿಸಿದರು. ಕೆರೆಯನ್ನು ಮಾಡಿಸಿದವನು ಕದಂಬ ಮಯೂರಶರ್ಮನೆಂದು ಅದರಲ್ಲಿದೆ. ತಾಳಗುಂದದ ಸ್ತಂಭಶಾಸನದಲ್ಲಿಯೂ ಅವನು ಶರ್ಮನೇ. ಅವನ ಮಗ ಮಾತ್ರ ಕಂಗವರ್ಮ. ಬ್ರಾಹ್ಮಣನಿಗೆ ಶರ್ಮ, ರಾಜನಿಗೆ ರಕ್ಷಣಾರ್ಥಕ ಪದ ಎಂಬ ಮನುಸ್ಮೃತಿಯ ವಿಧಿಗೆ ಇದು ಒಳ್ಳೆಯ ನಿದರ್ಶನ. ಆ ವಂಶದ ಮುಂದಿನ ಹೆಸರುಗಳಾದ ಭಗೀರಥ, ರಘು, ಕಾಕುಸ್ಥ ಎಂಬವು ಇಕ್ಷ್ವಾಕುವಂಶವನ್ನು ನೆನಪಿಗೆ ತರುತ್ತವೆ. ಕುಲ, ವೃತ್ತಿ, ಆದರ್ಶ ಇವುಗಳು ಈ ಹೆಸರುಗಳಲ್ಲಿ ಕಾಣುತ್ತವೆ; ಹುಟ್ಟಿದ ನಕ್ಷತ್ರವು ಕಾಣುವುದಿಲ್ಲ.

ದುರ್ಗದ ನಾಯಕರ ಹೆಸರುಗಳು ಇನ್ನೂ ಸ್ಪಷ್ಟವಾದ ಸಾಕ್ಷಿ. ತಿಮ್ಮಣ್ಣ, ಓಬಣ್ಣ, ಕಸ್ತೂರಿ ರಂಗಪ್ಪ, ಮದಕರಿ, ಭರಮಣ್ಣ ಎಂಬವು ಆ ಮನೆತನದ ಪ್ರಸಿದ್ಧನಾಮಗಳು. ಇವುಗಳಲ್ಲಿ ಓಬಣ್ಣ, ಕಸ್ತೂರಿ ರಂಗಪ್ಪ, ಮದಕರಿ ಎಂಬವು ಮತ್ತೆ ಮತ್ತೆ ಬಂದಿವೆ. 1748ರಲ್ಲಿ ಮಾಯಕೊಂಡದ ಯುದ್ಧದಲ್ಲಿ ಮಡಿದವನು ಹಿರೇ ಮದಕರಿ; 1779ರಲ್ಲಿ ಹೈದರಾಲಿಗೆ ದುರ್ಗವನ್ನು ಕಳೆದುಕೊಂಡವನೂ ಮದಕರಿ. ಚಕ್ರದ ಪ್ರಕಾರ ಮಕಾರವು ಮಘೆಯ ಮೊದಲನೆಯ ಪಾದ; ಅದು 108 ಪಾದಗಳಲ್ಲಿ ಒಂದು. ಮದಕರಿಗಳೆಲ್ಲರೂ ಆ ಒಂದೇ ಪಾದದಲ್ಲಿ ಹುಟ್ಟಿದರೆಂದು ಹೇಳುವುದು ಯುಕ್ತಿಗೆ ನಿಲ್ಲದು. ಹಿರಿಯರ ಹೆಸರನ್ನು ಕಿರಿಯರಿಗಿಡುವ ವಾಡಿಕೆಯೇ ಇಲ್ಲಿಯ ಕಾರಣ. ಇದು ಪತಂಜಲಿಗಳು ಹೇಳಿದ ಪುರುಷಪರಂಪರೆಯ ಲಕ್ಷಣಕ್ಕೆ ಸಮೀಪವಾದುದು.

ಭಾಷೆಯ ದೃಷ್ಟಿಯಿಂದ ನೋಡಿದರೆ ತೊಡಕು ಮತ್ತಷ್ಟು ಹೆಚ್ಚುವುದು. ಓಬಳವೆಂಬುದು ಅಹೋಬಲದ ತದ್ಭವ. ತತ್ಸಮದ ಅಕಾರವನ್ನು ಹಿಡಿದರೆ ಕೃತ್ತಿಕೆಯ ಮೊದಲ ಪಾದ. ತದ್ಭವದ ಓಕಾರವನ್ನು ಹಿಡಿದರೆ ರೋಹಿಣಿಯ ಮೊದಲ ಪಾದ. ಓಬಣ್ಣನಿಗೂ ಒನಕೆಯ ಓಬವ್ವನಿಗೂ ಯಾವ ನಕ್ಷತ್ರವನ್ನು ಹೇಳಬೇಕು? ಭರಮಣ್ಣ ಎಂದು ಬರೆದರೆ ಮೂಲೆಯ ಮೂರನೆಯ ಪಾದ. ಬರಮಣ್ಣ ಎಂದು ಬರೆದರೆ, ಚಕ್ರದಲ್ಲಿ ಬಕಾರವಿಲ್ಲದ ಕಾರಣ ಅದನ್ನು ವಕಾರವೆಂದು ಎಣಿಸಿ ರೋಹಿಣಿಯ ಎರಡನೆಯ ಪಾದವನ್ನು ಹೇಳಬೇಕಾಗುವುದು. ಲಿಪಿಕಾರನ ಒಂದು ಮಹಾಪ್ರಾಣದಿಂದ ಜನ್ಮನಕ್ಷತ್ರವೇ ಬದಲಾಗುವುದಾದರೆ ಅಂತಹ ಊಹೆಯಿಂದ ಯಾವ ಕಾಲನಿರ್ಣಯವೂ ಆಗಲಾರದು.

ಜನಸಾಮಾನ್ಯರ ಹೆಸರುಗಳೂ ಇದನ್ನೇ ಹೇಳುತ್ತವೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತಿಯಿಂದ ಈ ಜಿಲ್ಲೆಯಲ್ಲಿ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪಮ್ಮ ಎಂಬ ಹೆಸರುಗಳು ಬಹಳ. ಹಿರಿಯೂರಿನಲ್ಲಿ ತೇರುಮಲ್ಲೇಶ್ವರನ ಸನ್ನಿಧಿಯಿದೆ, ಮಲ್ಲೇಶ, ಮಲ್ಲಪ್ಪ ಎಂಬ ಹೆಸರುಗಳಿಗೆ ಆ ಸೀಮೆಯಲ್ಲಿ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ. ತಿಕಾರವು ವಿಶಾಖೆಯ ಮೊದಲ ಪಾದವೆಂಬುದನ್ನು ಕೇಳಿ ಯಾರೂ ಈ ಹೆಸರನ್ನಿಟ್ಟವರಲ್ಲ. ಹರಕೆಯೂ ಭಕ್ತಿಯೂ ಇಡಿಸಿದ ಹೆಸರುಗಳಿವು.

ಹಾಗಾದರೆ ಶಾಸ್ತ್ರಕ್ಕೂ ಲೋಕಕ್ಕೂ ವಿರೋಧವಿದೆಯೇ? ಇಲ್ಲವೆಂದೇ ಹೇಳಬೇಕು. 1790ರ ಸುಮಾರಿನಲ್ಲಿ ಕಾಶೀನಾಥೋಪಾಧ್ಯಾಯರು ರಚಿಸಿದ ಧರ್ಮಸಿಂಧುವಿನಲ್ಲಿ ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕನಾಮ ಎಂದು ನಾಲ್ಕು ಬಗೆಯ ಹೆಸರುಗಳನ್ನು ಹೇಳಿದೆ. ಒಂದೇ ಶಿಶುವಿಗೆ ಈ ನಾಲ್ಕೂ ಸಲ್ಲುವುವು. ನಕ್ಷತ್ರದಿಂದ ಬಂದ ಹೆಸರನ್ನು ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಹೇಳಿ, ಜಾತಕದಲ್ಲಿ ಬರೆದಿಟ್ಟು, ಕರ್ಮಾಂಗವಾಗಿ ಬಳಸಬಹುದು. ಕರೆಯುವ ಹೆಸರು ಅಜ್ಜನದಾಗಲಿ ಮನೆದೇವರದಾಗಲಿ ಆದರೆ ಯಾವ ಲೋಪವೂ ಇಲ್ಲ. ಪಾದಾಕ್ಷರವು ಜಾತಕದ ಗುರುತೇ ಹೊರತು ಹೆಸರಿಗೆ ಹಾಕಿದ ಕಟ್ಟಲ್ಲ.

ಆದುದರಿಂದ ಹೆಸರಿಡಲು ಸಲಹೆ ಕೇಳಿಬರುವವರಿಗೆ ಪಂಡಿತರು ಈ ನಾಲ್ಕು ಬಗೆಗಳನ್ನೂ ವಿವರಿಸಿ ಹೇಳುವುದು ಉಚಿತ. ಹಳೆಯ ಶಾಸನಗಳನ್ನೂ ಬಖೈರುಗಳನ್ನೂ ಪಾಠ ಹೇಳುವ ಅಧ್ಯಾಪಕರು ಅವುಗಳಲ್ಲಿ ದೊರೆಯುವುದು ವ್ಯಾವಹಾರಿಕನಾಮವೆಂಬುದನ್ನು ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸಿ, ಆ ಹೆಸರಿನಲ್ಲಿ ಕುಲ, ದೈವ, ಭಾಷೆಗಳ ಚರಿತ್ರೆಯನ್ನು ಹುಡುಕುವ ದಾರಿಯನ್ನು ತೋರಿಸುವರೆಂದು ನಂಬುತ್ತೇನೆ.